ಪೆಬಲ್ ಬೀಚಿನಲ್ಲಿ ಚಿನ್ನಿದಾಂಡು

ನಮ್ಮಂಥವರ ನಿಘಂಟಿನಲ್ಲಿ 'ವೆಕೇಷನ್' ಎಂಬ ಪದಕ್ಕೆ ಇರುವುದು ಒಂದೇ ಅರ್ಥ: ಊರಿಗೆ ಹೋಗುವುದು. ತಲೆಗೆ ಎರಡು ಸೂಟ್‌ಕೇಸು, ಸೂಟ್‌ಕೇಸಿಗೆ 23 ಕಿಲೋ. ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಸೂಟ್‌ಕೇಸನ್ನು ಮಗುವಿನಂತೆ ಅಪ್ಪಿ ನಿಂತು, ಬಂದ ಅಂಕಿಯಿಂದ ನಮ್ಮ ತೂಕ ಕಳೆದು ಲೆಕ್ಕ ಹಾಕದ ಕನ್ನಡಿಗರು ಈ ಬೇ ಏರಿಯಾದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಿ. ಅಲ್ಲಿಗೆ ಹೋದ ಮೇಲಾದರೂ ವಿಶ್ರಾಂತಿಯೇ? ಅದೂ ಇಲ್ಲ. ಒಂದು ಮದುವೆ, ಎರಡು ಗೃಹಪ್ರವೇಶ, ದಂತವೈದ್ಯರು, ಬ್ಯಾಂಕು, ಆಧಾರ್ ಕಾರ್ಡು, 'ನಮ್ಮನೆಗೆ ಬರಲೇ ಇಲ್ಲ' ಎನ್ನುವ ಚಿಕ್ಕಮ್ಮಂದಿರು. ವಾಪಸು ಬಂದು ಸುಸ್ತು ಕಳೆಯಲು ಇನ್ನೊಂದು ವಾರದ ರಜೆ ಬೇಕು, ಅದು ಉಳಿದಿರುವುದಿಲ್ಲ.

ಆಫೀಸಿನ ಅಮೆರಿಕನ್ ಗೆಳತಿಯರು ಸೋಮವಾರ ಬಂದು, 'ಟಾಹೋಗೆ ಹೋಗಿದ್ದೆವು, ಏನೂ ಮಾಡಲಿಲ್ಲ' ಎಂದು ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಕಡೆ ಒಬ್ಬರ ಬಗ್ಗೆ 'ಏನೂ ಮಾಡಲಿಲ್ಲ' ಎಂದರೆ ಅದು ಬೈಗುಳ!

ಈ ವರ್ಷ ನಮ್ಮವರ ಕಂಪನಿಯಿಂದ ಒಂದು ಇ-ಮೇಲ್ ಬಂತು. ನಿಮ್ಮ ರಜೆ ಗರಿಷ್ಠ ಮಿತಿ ಮುಟ್ಟಿದೆ, ಬಳಸದೇ ಇದ್ದರೆ ಇನ್ನು ಮುಂದೆ ಹೊಸದಾಗಿ ಸೇರುವುದಿಲ್ಲ ಎಂದು. ಇಷ್ಟು ವರ್ಷದಲ್ಲಿ ನಮಗೆ ರಜೆ ಸಾಲದೆ ಬಂದದ್ದುಂಟು, ಹೆಚ್ಚಾದದ್ದು ಇದೇ ಮೊದಲು. ಕಾರಣ ಇಬ್ಬರಿಗೂ ಗೊತ್ತಿತ್ತು, ಬಾಯಿ ಬಿಟ್ಟು ಯಾರೂ ಹೇಳಲಿಲ್ಲ. ಕಳೆದ ವರ್ಷ ನಮ್ಮತ್ತೆ ತೀರಿಕೊಂಡರು. ಕ್ರಿಯೆಗಳನ್ನು ಮುಗಿಸಿ ಬಂದದ್ದೇ ಕೊನೆ. ಕುಂದಾಪುರದ ಹತ್ತಿರದ ಆ ಹಳ್ಳಿಯ ಮನೆಗೆ ಬೀಗ ಬಿದ್ದಿದೆ, ಬೀಗದ ಕೈ ಪಕ್ಕದ ಮನೆಯಲ್ಲಿದೆ. ಈ ಬೇಸಿಗೆಯಲ್ಲಿ ಟಿಕೆಟ್ ನೋಡಲು ಕುಳಿತಾಗ, ಹೋಗಿ ಯಾರ ಮನೆಯಲ್ಲಿ ಇಳಿಯುವುದು ಎಂಬ ಪ್ರಶ್ನೆ ಬಂತು. ಲ್ಯಾಪ್‌ಟಾಪ್ ಮುಚ್ಚಿದರು.

ಅಷ್ಟರಲ್ಲಿ ನಮ್ಮ ಮದುವೆಗೆ 25 ವರ್ಷ ತುಂಬಿತು. ಕೆಲಸಕ್ಕೆ ಸೇರಿರುವ ಮಗಳು, ಕಾಲೇಜಿನಲ್ಲಿರುವ ಮಗ ಸೇರಿ ಒಂದು ಲಕೋಟೆ ಕೊಟ್ಟರು. ಪೆಬಲ್ ಬೀಚಿನ ರೆಸಾರ್ಟಿನಲ್ಲಿ ಎರಡು ರಾತ್ರಿ! 'ಅಲ್ಲಿ ಹೋಗಿ ಎಂತ ಮಾಡುವುದು?' ಎಂದರು ನಮ್ಮವರು. 'ಏನೂ ಮಾಡಬೇಡಿ ಅಪ್ಪ, ಅದಕ್ಕೇ ದುಡ್ಡು ಕೊಟ್ಟಿರೋದು' ಎಂದಳು ಮಗಳು. ಅವಳು ಕೊಟ್ಟ ದುಡ್ಡು ಎಷ್ಟೆಂದು ನಾನು ಅಂತರ್ಜಾಲದಲ್ಲಿ ಹುಡುಕಿ ನೋಡಿದೆ. ಇಲ್ಲಿ ಬರೆಯುವುದಿಲ್ಲ, ದೀಪಾವಳಿಯ ಸಂಚಿಕೆ ಇದು, ನಿಮ್ಮ ಹಬ್ಬ ಕೆಡುವುದು ಬೇಡ.

ಸೆಪ್ಟೆಂಬರಿನ ಒಂದು ಶುಕ್ರವಾರ ಫ್ರೀಮಾಂಟ್ ಬಿಟ್ಟು 101ರಲ್ಲಿ ದಕ್ಷಿಣಕ್ಕೆ ಹೊರಟೆವು. ಗಿಲ್‌ರಾಯ್ ಬಂದಾಗ ಬೆಳ್ಳುಳ್ಳಿ ವಾಸನೆ, ಕ್ಯಾಸ್ಟ್ರೊವಿಲ್ ಬಂದಾಗ ಆರ್ಟಿಚೋಕ್ ಹೊಲ, ಆಮೇಲೆ ಸಮುದ್ರದ ಗಾಳಿ. ತೊಂಬತ್ತು ಮೈಲಿಯ ಆಸುಪಾಸಿನ ಈ ದಾರಿ ನಮಗೆಲ್ಲ ಕಂಠಪಾಠ. ಊರಿನಿಂದ ಅಪ್ಪ ಅಮ್ಮ ಬಂದರೆ ಗೋಲ್ಡನ್ ಗೇಟ್ ಆದ ಮೇಲೆ ಮುಂದಿನ ಶನಿವಾರ 17 ಮೈಲ್ ಡ್ರೈವ್ ಅಲ್ಲವೇ? ಮಿನಿವ್ಯಾನಿನ ಹಿಂದೆ ಚಿತ್ರಾನ್ನ, ಮೊಸರನ್ನ, ಪೇಪರ್ ತಟ್ಟೆ. ಗೇಟಿನಲ್ಲಿ ಕಾರಿಗೆ ಹನ್ನೆರಡು ಚಿಲ್ಲರೆ ಡಾಲರ್ ಕೊಡುವಾಗ 'ರಸ್ತೆಗೂ ಟಿಕೆಟ್ಟಾ?' ಎಂದು ಅವರು ಕೇಳುವುದೂ ಮಾಮೂಲು. ರೆಸಾರ್ಟಿನಲ್ಲಿ ತಂಗುವವರಿಗೆ ಆ ಶುಲ್ಕವಿಲ್ಲ. ಗೇಟಿನಲ್ಲಿ ಹೆಸರು ಹೇಳಿ ದುಡ್ಡು ಕೊಡದೆ ಒಳಗೆ ಹೋದಾಗ ನಮ್ಮವರ ಮುಖದಲ್ಲಿ ಆ ದಿನದ ಮೊದಲ ನಗು ಕಂಡೆ.

ನಾವು ಇಳಿದದ್ದು ಸ್ಪ್ಯಾನಿಷ್ ಬೇ ಎಂಬ ಕಡೆ. 1769ರಲ್ಲಿ ಪೋರ್ಟೊಲಾ ಎಂಬ ಸ್ಪೇನಿನ ಸೇನಾನಿಯ ತಂಡ ಇಲ್ಲಿ ಬೀಡುಬಿಟ್ಟಿದ್ದರಿಂದ ಆ ಹೆಸರು. ಆಮೇಲೆ ಬಹಳ ಕಾಲ ಇಲ್ಲಿಂದ ಮರಳು ತೆಗೆದು ಮಾರುತ್ತಿದ್ದರಂತೆ. ಮರಳೆಲ್ಲ ಹೋಗಿ ನೆಲ ಬರಡಾದ ಮೇಲೆ, 1980ರ ದಶಕದಲ್ಲಿ ಮತ್ತೆ ಮರಳು ತಂದು ದಿಬ್ಬ ಕಟ್ಟಿ, ಸ್ಥಳೀಯ ಗಿಡಗಳನ್ನು ನೆಟ್ಟು, 1987ರಲ್ಲಿ ಗಾಲ್ಫ್ ಮೈದಾನ ತೆರೆದರು. ಕ್ಯಾಲಿಫೋರ್ನಿಯದಲ್ಲಿ 1976ರಿಂದ ಕರಾವಳಿ ಕಾಯ್ದೆ ಇದೆ. ಸಮುದ್ರದಂಡೆಗೆ ಸಾರ್ವಜನಿಕರು ಹೋಗುವ ದಾರಿ ಬಿಡಬೇಕು. ಹಾಗಾಗಿ ಮೈದಾನಕ್ಕೂ ಕಡಲಿಗೂ ನಡುವೆ ಮರದ ಹಲಗೆಯ ಕಾಲುದಾರಿ ಇದೆ, ಅಲ್ಲಿ ಯಾರು ಬೇಕಾದರೂ ನಡೆಯಬಹುದು.

ಕೋಣೆಗೆ ಹೋದ ಮೇಲೆ ಶುರುವಾಯಿತು ನೋಡಿ ಫಜೀತಿ. ಬೆಂಕಿಗೂಡು, ಮೆತ್ತನೆಯ ಬಿಳಿ ನಿಲುವಂಗಿ, ಮನೆಯ ಮಲಗುವ ಕೋಣೆಯಷ್ಟು ದೊಡ್ಡ ಬಚ್ಚಲು. ಎಲ್ಲವನ್ನೂ ನೋಡಿ ಮುಗಿಸಲು ಹತ್ತು ನಿಮಿಷ. ಆಮೇಲೆ? ಅವರು ಕಿಟಕಿಯ ಹತ್ತಿರ, ನಾನು ಮಂಚದ ಅಂಚಿನಲ್ಲಿ. ಮಕ್ಕಳ ಸಾಕರ್ ಇಲ್ಲ, ಭರತನಾಟ್ಯದ ಕ್ಲಾಸಿಲ್ಲ, ಕೂಟದ ನಾಟಕದ ರಿಹರ್ಸಲ್ ಇಲ್ಲ, ಪಾತ್ರೆ ಇಲ್ಲ. ಯಾರದೋ ಮದುವೆಗೆ ಒಂದು ಗಂಟೆ ಮೊದಲೇ ಬಂದ ಬೀಗರಂತೆ ಕುಳಿತೆವು. 'ಕಾಫಿ ಕುಡಿಯೋಣವಾ ರೀ?' ಎಂದೆ. ಥರ್ಮಸ್ಸಿನಲ್ಲಿ ಡಿಕಾಕ್ಷನ್ ತಂದಿದ್ದೆ. ಎಂಥ ರೆಸಾರ್ಟಾದರೂ ಅದೊಂದನ್ನು ನಾನು ನಂಬುವುದಿಲ್ಲ.

ಸ್ವೆಟರ್ ತೆಗೆಯಲು ಅವರ ಚೀಲಕ್ಕೆ ಕೈ ಹಾಕಿದಾಗ ಅಡಿಯಲ್ಲಿ ಕಂದು ಬಣ್ಣದ ಲಕೋಟೆ ಸಿಕ್ಕಿತು. ಏನೆಂದು ತೆರೆಯದೆಯೇ ಗೊತ್ತಾಯಿತು. ಮೈದುನ ಕಳಿಸಿದ್ದ ಜಿಪಿಎ ಕಾಗದ. ಊರಿನ ಮನೆಗೆ ಗಿರಾಕಿ ಬಂದಿದ್ದಾರೆ, ದೀಪಾವಳಿಯೊಳಗೆ ಮುಗಿಸಬೇಕಂತೆ. ನಮ್ಮವರು ನೋಟರಿಯ ಮುಂದೆ ಸಹಿ ಹಾಕಿ, ಸ್ಯಾಕ್ರಮೆಂಟೊದಿಂದ ಅಪೊಸ್ಟಿಲ್ ಮಾಡಿಸಿ ಕಳಿಸಬೇಕು. ಅಲ್ಲಿಗೆ ತಲುಪಿದ ಮೇಲೆ ಮೂರು ತಿಂಗಳೊಳಗೆ ಸ್ಟಾಂಪು ಶುಲ್ಕ ಕಟ್ಟಿಸಬೇಕು. ನಿಮ್ಮಲ್ಲಿ ಎಷ್ಟೋ ಜನರಿಗೆ ಈ ದಾರಿಯೂ ಕಂಠಪಾಠವೇ ಇರಬಹುದು. ಆರು ವಾರಗಳಿಂದ ಆ ಲಕೋಟೆ ಕಾರಿನಿಂದ ಮೇಜಿಗೆ, ಮೇಜಿನಿಂದ ಲ್ಯಾಪ್‌ಟಾಪ್ ಚೀಲಕ್ಕೆ ತಿರುಗುತ್ತಲೇ ಇತ್ತು. ಈಗ ವಿಶ್ರಾಂತಿಗೆ ನಮ್ಮ ಜೊತೆ ಇಲ್ಲಿಗೂ ಬಂದಿದೆ! ನಾನು ಸ್ವೆಟರ್ ಮಾತ್ರ ತೆಗೆದುಕೊಂಡೆ.

ಶನಿವಾರ ಬೆಳಿಗ್ಗೆ ತಿಂಡಿಯ ಪಟ್ಟಿ ನೋಡಿ, ಒಂದು ಬಟ್ಟಲು ಓಟ್ಸ್ ಗಂಜಿಗೆ ಬೆಲೆ ಓದಿ, ಇಬ್ಬರೂ ಒಂದೇ ಸಲ ತಲೆ ಎತ್ತಿದೆವು. ಬಂದದ್ದಾಗಿದೆ ಎಂದು ಗಂಜಿಯನ್ನೇ ತಿಂದು, ಗಾಲ್ಫ್ ನೋಡಲು ಹೊರಟೆವು.

ಗಾಲ್ಫ್ ಎಂದರೆ ನಮ್ಮ ಕಾಲದಲ್ಲಿ ಬೆಂಗಳೂರಿನವರಿಗೆ ಕಾಂಪೌಂಡಿನಾಚೆಯ ಹಸಿರು. ಹೈಗ್ರೌಂಡ್ಸ್‌ನ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಅಂದರೆ ಈ ಪೆಬಲ್ ಬೀಚಿಗಿಂತ 43 ವರ್ಷ ಹಿರಿದು. ನಾನು ಓದುವಾಗ ಅದರ ಪಕ್ಕದಲ್ಲೇ ಬಿಟಿಎಸ್ ಬಸ್ಸಿನಲ್ಲಿ ಹೋಗುತ್ತಿದ್ದೆ, ಒಳಗೆ ಏನು ನಡೆಯುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅದೇ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಪದಕಕ್ಕೆ ಒಂದೇ ಹೊಡೆತ ಕಡಿಮೆಯಾಗಿ ನಾಲ್ಕನೆಯವಳಾದಾಗ, 'ಬರ್ಡಿ' ಎಂದರೆ ಹಕ್ಕಿಮರಿ ಎಂದುಕೊಂಡಿದ್ದ ನಮ್ಮ ಅಣ್ಣನೂ ನಸುಕಿನಲ್ಲಿ ಎದ್ದು ಟಿವಿ ಮುಂದೆ ಕೂತಿದ್ದನಂತೆ. ಅಲ್ಲಿ ಅವಳ ಚೀಲ ಹೊತ್ತು ಕ್ಯಾಡಿಯಾಗಿ ನಡೆದದ್ದು ಅವಳ ತಾಯಿ. ನನಗೆ ಆಟಕ್ಕಿಂತ ಅದೇ ನೆನಪಿದೆ.

ಪೆಬಲ್ ಬೀಚಿನ ಕತೆ ಕೇಳಿ. ಸ್ಯಾಮ್ಯುಯೆಲ್ ಮೋರ್ಸ್ ಎಂಬಾತ, ತಂತಿ ಸಂಕೇತ ಕಂಡುಹಿಡಿದ ಮೋರ್ಸ್‌ನ ದೂರದ ಸಂಬಂಧಿ, ರೈಲ್ವೆ ಮಾಲೀಕರ ಆಸ್ತಿಯನ್ನು ಮಾರಿ ಮುಗಿಸುವ ಕೆಲಸಕ್ಕೆ ಇಲ್ಲಿಗೆ ಬಂದವನು. ಸಮುದ್ರದ ಅಂಚನ್ನು ಸೈಟುಗಳಾಗಿ ಮಾರುವ ಯೋಜನೆ ಆಗಲೇ ಇತ್ತು. ಅಂಚಿನಲ್ಲಿ ಮನೆ ಬೇಡ, ಬಯಲೇ ಇರಲಿ ಎಂದು ಹಠ ಹಿಡಿದು, ಮಾರಿಹೋಗಿದ್ದ ಸೈಟುಗಳನ್ನು ತಿರುಗಿ ಕೊಂಡು, ಅಲ್ಲಿ ಗಾಲ್ಫ್ ಮೈದಾನ ಮಾಡಿಸಿದ. ನಕ್ಷೆ ಹಾಕಿದ ಜ್ಯಾಕ್ ನೆವಿಲ್, ಡಗ್ಲಸ್ ಗ್ರಾಂಟ್ ಇಬ್ಬರೂ ಒಳ್ಳೆಯ ಆಟಗಾರರು, ಆದರೆ ಅದುವರೆಗೆ ಒಂದೂ ಮೈದಾನ ಕಟ್ಟಿದವರಲ್ಲ. 1919ರಲ್ಲಿ ತೆರೆದ ಆ ಮೈದಾನದಲ್ಲಿ ಯು.ಎಸ್. ಓಪನ್ ಆರು ಸಲ ನಡೆದಿದೆ. 2000ದಲ್ಲಿ ಟೈಗರ್ ವುಡ್ಸ್ ಎರಡನೆಯವರಿಗಿಂತ 15 ಹೊಡೆತ ಮುಂದಿದ್ದು ಗೆದ್ದದ್ದು ಇಲ್ಲಿಯೇ. ನಾವು ಅಮೆರಿಕಕ್ಕೆ ಬಂದ ಹೊಸದರಲ್ಲಿ ಆಫೀಸಿನಲ್ಲಿ ಅದೇ ಮಾತು, ನಾವು ಸಚಿನ್ ಬಗ್ಗೆ ಆಡುವಂತೆ.

ಆ ದೊಡ್ಡ ಮೈದಾನದಲ್ಲಿ ದುಡ್ಡು ಕೊಟ್ಟರೆ ಯಾರು ಬೇಕಾದರೂ ಆಡಬಹುದು. ದುಡ್ಡು ಎಂದರೆ ಒಬ್ಬರಿಗೆ ಆರುನೂರು ಡಾಲರ್ ಮೀರಿ. ಪಕ್ಕದಲ್ಲೇ 'ದಿ ಹೇ' ಎಂಬ ಪುಟ್ಟ ಮೈದಾನವಿದೆ. ಹಳೆಯದನ್ನು ಟೈಗರ್ ವುಡ್ಸ್ ಹೊಸದಾಗಿ ರೂಪಿಸಿ 2021ರಲ್ಲಿ ತೆರೆದದ್ದು. ಒಂಬತ್ತೇ ಗುಳಿ, ಖರ್ಚೂ ದೊಡ್ಡದರ ಹತ್ತನೇ ಒಂದು ಪಾಲು. ಮಕ್ಕಳು, ಮುದುಕರು, ನಮ್ಮಂಥವರು ಎಲ್ಲರೂ ಇದ್ದರು. ಬಾಡಿಗೆಗೆ ಕೋಲು ಕೊಡುವ ಹುಡುಗ, 'ನೀವು ಮೊದಲು ಯಾವುದಾದರೂ ಆಟ ಆಡಿದ್ದೀರಾ?' ಎಂದು ವಿನಯದಿಂದ ಕೇಳಿದ. ನಮ್ಮವರು ಅಷ್ಟೇ ವಿನಯದಿಂದ ಚಿನ್ನಿದಾಂಡು ಎಂದರು! ಅವರ ಊರಿನಲ್ಲಿ ಅದಕ್ಕೆ ಹಾಣೆಗೆಂಡೆ ಎನ್ನುತ್ತಾರೆ. ಅದನ್ನು ಆ ಹುಡುಗನಿಗೆ ವಿವರಿಸಲು ಐದು ನಿಮಿಷ ಹಿಡಿಯಿತು, ಹಿಂದೆ ಸಾಲು ಬೆಳೆಯಿತು.

ನೀವೇ ಹೇಳಿ, ದೊಡ್ಡ ವ್ಯತ್ಯಾಸವಾದರೂ ಏನು? ಅಲ್ಲೂ ಕೋಲು, ಇಲ್ಲೂ ಕೋಲು. ಅಲ್ಲಿ ನೆಲದ ಗುಳಿಯಿಂದ ಚಿನ್ನಿಯನ್ನು ಎತ್ತಿ ಹಾರಿಸಬೇಕು, ಇಲ್ಲಿ ಚೆಂಡನ್ನು ಹಾರಿಸಿ ಗುಳಿಗೆ ಬೀಳಿಸಬೇಕು. ಅಲ್ಲಿ ಆಟಕ್ಕಿಂತ ಜಗಳ ಹೆಚ್ಚು, 'ಔಟ್', 'ಅಲ್ಲ', 'ನಿನ್ನ ಅಳತೆ ಮೋಸ'. ಇಲ್ಲಿ ಇನ್ನೊಬ್ಬರು ಹೊಡೆಯುವಾಗ ಉಸಿರೂ ಎತ್ತಬಾರದು. ಹೆಚ್ಚಿನ ಆಟಗಳಲ್ಲಿ ಅಂಪೈರ್ ಬೇಕು, ಇಲ್ಲಿ ನಿಮ್ಮ ಹೊಡೆತದ ಲೆಕ್ಕ ನೀವೇ ಬರೆದುಕೊಳ್ಳಬೇಕು. ತಪ್ಪಾದರೆ ದಂಡವನ್ನೂ ನೀವೇ ಹಾಕಿಕೊಳ್ಳಬೇಕು. ನನಗೆ ಈ ನಿಯಮ ಬಹಳ ಇಷ್ಟವಾಯಿತು, ಮನೆಯಲ್ಲೂ ಜಾರಿಗೆ ತರಬಹುದು ಅನಿಸಿತು.

ಎರಡನೆಯ ಗುಳಿ ದೊಡ್ಡ ಮೈದಾನದ ಪ್ರಸಿದ್ಧ ಏಳನೆಯದರ ಪಡಿಯಚ್ಚು. ಆ ಏಳನೆಯದು ನೂರು ಗಜದ ಮೇಲೆ ಸ್ವಲ್ಪ, ಇಡೀ ಮೈದಾನದಲ್ಲೇ ಅತಿ ಚಿಕ್ಕದು. ಆದರೆ ಮೂರು ಕಡೆ ಸಮುದ್ರ, ಗಾಳಿ ಬಂದ ದಿನ ದೊಡ್ಡ ದೊಡ್ಡವರ ಚೆಂಡೂ ನೀರುಪಾಲು. ನಮ್ಮ ಪಡಿಯಚ್ಚಿನಲ್ಲಿ ಸಮುದ್ರ ಇರಲಿಲ್ಲ, ಆದರೂ ನಮ್ಮವರ ಚೆಂಡು ಮೂರು ಸಲ ಮರಳಿಗೆ ಬಿತ್ತು. ನನ್ನದು ನೆಲದ ಮೇಲೇ ತೆವಳಿಕೊಂಡು ಹೋಗಿ ಬಾವುಟದ ಹತ್ತಿರ ನಿಂತಿತು. 'ಅದೃಷ್ಟ' ಎಂದರು. 'ಕೌಶಲ' ಎಂದೆ. ಒಂಬತ್ತು ಗುಳಿ ಮುಗಿದಾಗ ಕಾರ್ಡಿನಲ್ಲಿ ಅವರದು 61, ನನ್ನದು 58. ನಿಜವಾದ ಲೆಕ್ಕವೇ. ಎಷ್ಟೋ ತಿಂಗಳ ಮೇಲೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನೋಡಿದೆ.

ಮಧ್ಯಾಹ್ನ ಲೋನ್ ಸೈಪ್ರೆಸ್ ಕಡೆ ಹೋದೆವು. ಬಂಡೆಯ ತುದಿಯ ಆ ಒಂಟಿ ಮರವನ್ನು ನೀವೆಲ್ಲ ನೋಡಿದ್ದೀರಿ. ಇನ್ನೂರು ವರ್ಷ ದಾಟಿದ ಮರ, ಬೀಳದಂತೆ ತಂತಿ ಕಟ್ಟಿ ನಿಲ್ಲಿಸಿದ್ದಾರೆ. 2019ರ ಫೆಬ್ರವರಿಯ ಬಿರುಗಾಳಿಗೆ ಒಂದು ದೊಡ್ಡ ಕೊಂಬೆ ಹೋಯಿತು. ಈ ಜಾತಿಯ ಸೈಪ್ರೆಸ್ ತಾನಾಗಿ ಬೆಳೆಯುವುದು ಪ್ರಪಂಚದಲ್ಲಿ ಎರಡೇ ಕಡೆ, ಇಲ್ಲಿ ಮತ್ತು ಪಕ್ಕದ ಪಾಯಿಂಟ್ ಲೋಬೋಸ್‌ನಲ್ಲಿ. ಆದರೆ ಬೀಜ ಒಯ್ದು ನೆಟ್ಟ ನ್ಯೂಜಿಲೆಂಡಿನಲ್ಲಿ ಇದಕ್ಕಿಂತ ಎತ್ತರಕ್ಕೆ, ನೆಟ್ಟಗೆ ಬೆಳೆದಿದೆಯಂತೆ. 2006ರಲ್ಲಿ ಅತ್ತೆಯನ್ನು ಕರೆತಂದಾಗ ಅವರು ಬೇಲಿಯ ಈಚೆ ನಿಂತು ಮರಕ್ಕೆ ಕೈ ಮುಗಿದು, 'ಒಂದು ಸುತ್ತು ಬರಲಿಕ್ಕೂ ಜಾಗ ಇಟ್ಟಿಲ್ಲವಲ್ಲ ಇವರು!' ಎಂದಿದ್ದರು. ಈ ಸಲ ನಮ್ಮವರು ಫೋಟೋ ತೆಗೆಯಲಿಲ್ಲ. ಸುಮ್ಮನೆ ಬೇಲಿ ಹಿಡಿದು ನಿಂತರು. ಪಕ್ಕದಲ್ಲಿ ಒಂದು ಗುಜರಾತಿ ಕುಟುಂಬದ ಅಜ್ಜಿ ಮೊಮ್ಮಕ್ಕಳ ಮೇಲೆ ರೇಗುತ್ತಿದ್ದರು.

ಸಂಜೆಗೆ ಸ್ಪ್ಯಾನಿಷ್ ಬೇಯಲ್ಲಿ ಒಂದು ವಾಡಿಕೆ ಇದೆ. ಸೂರ್ಯ ಮುಳುಗುವ ಹೊತ್ತಿಗೆ ಸ್ಕಾಟ್ಲೆಂಡಿನ ವೇಷ ತೊಟ್ಟ ಒಬ್ಬರು ಬ್ಯಾಗ್‌ಪೈಪ್ ಊದುತ್ತಾ ಮೈದಾನದ ಕಡೆಯಿಂದ ನಡೆದು ಬರುತ್ತಾರೆ. ಹೊರಗೆ ಬೆಂಕಿಯ ಸುತ್ತ ಕುರ್ಚಿ ಹಾಕಿರುತ್ತಾರೆ, ಕೇಳಲು ದುಡ್ಡಿಲ್ಲ. ಓಲಗದಲ್ಲಿ ಪಕ್ಕದವನು ಬಿಡದೆ ಒತ್ತು ಊದುತ್ತಾನಲ್ಲ, ಅದೇ ಶ್ರುತಿ ಅದರೊಳಗೂ ಇದೆ. ಮೊದಲ ಎರಡು ನಿಮಿಷ ಕಿವಿಗೆ ವಿಚಿತ್ರ, ಆಮೇಲೆ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಮುಂದೆ ಪೆಸಿಫಿಕ್. ನಮ್ಮ ಕರಾವಳಿಯಲ್ಲೂ ಇಲ್ಲೂ ಸೂರ್ಯ ಸಮುದ್ರಕ್ಕೇ ಇಳಿಯುತ್ತಾನೆ, ಆದರೆ ಈ ನೀರಿಗೆ ಕಾಲಿಟ್ಟರೆ ಮೂಳೆ ಕೊರೆಯುತ್ತದೆ.

'ಆ ಕಾಗದ ತಂದಿದ್ದೇನೆ ಮಾರಾಯ್ತಿ' ಎಂದರು.

'ನಿನ್ನೆಯೇ ನೋಡಿದೆ ರೀ.'

ಸ್ವಲ್ಪ ಹೊತ್ತು ಸುಮ್ಮನಿದ್ದರು. 'ತಗೊಳ್ಳುವವರು ಎಂತ ಮಾಡ್ತಾರೆ ಗೊತ್ತುಂಟಾ? ಹೋಮ್‌ಸ್ಟೇ. ಕಡಲು ಹತ್ತಿರ ಅಲ್ವಾ. ಚಾವಡಿಯನ್ನು ಹಾಗೇ ಇಟ್ಟುಕೊಳ್ತಾರಂತೆ, ಬಂದವರಿಗೆ ಅದೇ ಬೇಕಂತೆ. ಅಮ್ಮ ಹೂ ಕಟ್ಟುತ್ತಿದ್ದ ಜಾಗದಲ್ಲಿ ಬೆಂಗಳೂರಿನ ಯಾರೋ ಇಬ್ಬರು ಕೂತ್ಕೊಂಡು, ನಮ್ಮ ಹಾಗೇ, ದುಡ್ಡು ಕೊಟ್ಟು ಸೂರ್ಯ ನೋಡ್ತಾರೆ.'

ಏನು ಹೇಳಲಿ? ಮೈದುನನ ಮಾತಿನಲ್ಲೂ ನ್ಯಾಯವಿದೆ. ಮಣಿಪಾಲದಲ್ಲಿ ಅವನ ಕೆಲಸ, ಅವನ ಸಂಸಾರ. ಪ್ರತಿ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವುದು, ತೆಂಗಿನ ತೋಟ, ತೆರಿಗೆ, ಎಲ್ಲವೂ ಅವನ ತಲೆಯ ಮೇಲೆ. ನಾವು ಇಲ್ಲಿಂದ ದುಡ್ಡು ಕಳಿಸಬಹುದು, ಸೋರುವ ಕಡೆ ಪಾತ್ರೆ ಇಡಲು ಆಗುವುದಿಲ್ಲ. ಭಾವುಕರಾಗಿ ಮನೆ ಇಟ್ಟುಕೊಂಡು ಹತ್ತು ವರ್ಷದಲ್ಲಿ ಗೋಡೆ ಕುಸಿದ ಮೇಲೆ ಮಾರಿದವರನ್ನು ನಾನು ಕಂಡಿದ್ದೇನೆ, ನೀವೂ ಕಂಡಿರುತ್ತೀರಿ. ಮಾರುವುದು ಕೊಳ್ಳುವುದು ಇಲ್ಲೂ ಇದ್ದದ್ದೇ. ಇದೇ ಪೆಬಲ್ ಬೀಚನ್ನು 1990ರಲ್ಲಿ ಜಪಾನಿನ ಒಬ್ಬ ಉದ್ಯಮಿ ಎಂಟುನೂರು ಮಿಲಿಯನ್ ಡಾಲರಿಗೂ ಹೆಚ್ಚು ಕೊಟ್ಟು ಕೊಂಡು ಎರಡೇ ವರ್ಷದಲ್ಲಿ ನಷ್ಟಕ್ಕೆ ಮಾರಬೇಕಾಯಿತು. 1999ರಲ್ಲಿ ಮತ್ತೆ ಕೈ ಬದಲಾಯಿತು, ಕೊಂಡವರಲ್ಲಿ ನಟ ಕ್ಲಿಂಟ್ ಈಸ್ಟ್‌ವುಡ್ ಒಬ್ಬರು.

ಹಾಗಾಗಿ ನಾನು ಮಾರಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. 'ಆ ಚಾವಡಿಯಲ್ಲಿ ನಾವಿಬ್ಬರೂ ಹೀಗೆ ಸುಮ್ಮನೆ ಕೂತದ್ದು ಯಾವಾಗ?' ಎಂದು ಕೇಳಿದೆ. ಅವರು ಬೆರಳು ಮಡಚಿ ಎಣಿಸತೊಡಗಿದರು. 2002ರಲ್ಲಿ ಇಲ್ಲಿಗೆ ಬಂದ ಮೇಲೆ ಹನ್ನೊಂದು ಸಲ ಊರಿಗೆ ಹೋಗಿದ್ದೇವೆ. ಪ್ರತಿ ಸಲ ಬೆಂಗಳೂರು, ಮೈಸೂರು, ತಿರುಪತಿ ಎಲ್ಲ ಆಗಿ ಆ ಮನೆಯಲ್ಲಿ ನಾಲ್ಕು ದಿನ, ಹೆಚ್ಚೆಂದರೆ ಐದು. ಎಲ್ಲ ಕೂಡಿಸಿದರೂ ಎರಡು ತಿಂಗಳು ಆಗಲಿಲ್ಲ. ಬ್ಯಾಗ್‌ಪೈಪಿನವರು ಊದುವುದು ನಿಲ್ಲಿಸಿ, ಎಲ್ಲರಿಗೂ ಕೈಬೀಸಿ ಹೊರಟರು.

'ನಿಮ್ಮ ರಜೆ ಎಷ್ಟಿದೆ?' ಎಂದೆ.

'ಆರು ವಾರ ಉಂಟು.'

ರಾತ್ರಿ ಎಂಟಕ್ಕೆ, ಅಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆಗೆ, ಮೈದುನನಿಗೆ ಫೋನ್ ಹಚ್ಚಿದರು. ಜನವರಿಯಲ್ಲಿ ಬರುತ್ತೇವೆ, ಮೂರು ವಾರ ಮನೆಯಲ್ಲೇ ಇರುತ್ತೇವೆ, ಎಲ್ಲಿಗೂ ಹೋಗುವುದಿಲ್ಲ, ಸಹಿ ಹಾಕುವುದಾದರೆ ಅಲ್ಲೇ ಕುಂದಾಪುರದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಾನೇ ನಿಂತು ಹಾಕುತ್ತೇನೆ ಎಂದರು. ಆ ಕಡೆ ಬಹಳ ಹೊತ್ತು ಮಾತಿಲ್ಲ. 'ಗಿರಾಕಿ ಅಲ್ಲಿವರೆಗೆ ಕಾಯುವುದು ಡೌಟು ಅಣ್ಣ' ಎಂದ. 'ಬೇರೆ ಸಿಕ್ಕದಿದ್ದರೆ ನನ್ನನ್ನು ಬೈಯಬೇಡ.' ಆಮೇಲೆ ನನ್ನನ್ನು ಕೇಳಿದನಂತೆ. ಫೋನ್ ತೆಗೆದುಕೊಂಡೆ. 'ಅತ್ತಿಗೆ, ಮೂರು ವಾರ ಇರ್ತೀರಿ ಅಂತ ನಿಜವಾ? ಬಾವಿಯ ಪಂಪು ಕೆಟ್ಟಿದೆ, ಬರುವ ಮೊದಲು ಸರಿ ಮಾಡಿಸಬೇಕು. ಗ್ಯಾಸೂ ಇಲ್ಲ.' ಅವನ ದನಿಯಲ್ಲಿ ಸಿಟ್ಟಿತ್ತೋ ಖುಷಿಯಿತ್ತೋ ನನಗೆ ಇನ್ನೂ ತಿಳಿದಿಲ್ಲ. ಇದನ್ನು ಬರೆಯುವ ಹೊತ್ತಿಗೆ ಗಿರಾಕಿ ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ. ನಮ್ಮ ಟಿಕೆಟ್ ಮಾತ್ರ ಬುಕ್ಕಾಗಿದೆ.

ಭಾನುವಾರ ಬೆಳಿಗ್ಗೆ ಹಲಗೆ ದಾರಿಯಲ್ಲಿ ಒಂದು ಗಂಟೆ ನಡೆದೆವು. ಬಂಡೆಗಳ ಮೇಲೆ ಸೀಲ್‌ಗಳು ಬಿಸಿಲಿಗೆ ಬಿದ್ದುಕೊಂಡಿದ್ದವು. ಆ ವಿದ್ಯೆ ಅವಕ್ಕೆ ಯಾರೂ ಕಲಿಸಬೇಕಿಲ್ಲ.

ಅಂದ ಹಾಗೆ, ಹೋಗುವವರಿಗೆ ಎರಡು ಮಾತು. ಅಲ್ಲಿ ತಂಗಲೇಬೇಕೆಂದಿಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಂಜು ಕಡಿಮೆ, ಆಗ ಹೋಗಿ. ಗೇಟಿನ ದುಡ್ಡು ಕೊಟ್ಟು, ಪುಳಿಯೋಗರೆ ಡಬ್ಬಿ ಹಿಡಿದು ಮಧ್ಯಾಹ್ನವೇ ಒಳಗೆ ಹೋದರೆ ಸಂಜೆಯ ಬ್ಯಾಗ್‌ಪೈಪ್ ಕೇಳಿಕೊಂಡೇ ಬರಬಹುದು. ದಪ್ಪ ಸ್ವೆಟರ್ ಇರಲಿ. ದೊಡ್ಡ ಮೈದಾನದ ಹದಿನೆಂಟನೇ ಗುಳಿಯನ್ನು ಲಾಡ್ಜಿನ ಹಿಂದೆ ನಿಂತು ಪುಕ್ಕಟೆ ನೋಡಬಹುದು. ಯಾರಾದರೂ ಹೊಡೆಯುವಾಗ ಮಾತ್ರ ಚಕ್ಕುಲಿ ಕಡಿಯಬೇಡಿ, ಆ ಸದ್ದು ಅಲ್ಲಿ ಬಹಳ ದೂರ ಕೇಳುತ್ತದೆ.